ಸ್ಪೇನಿನ ಸೆವಿಲ್ಲೆ ಊರಿನ ಹಳೇ ತಪಾಸ್ (ಪುಟ್ಟ ತಟ್ಟೆ ತಿಂಡಿ) ಬಾರ್‌ನಲ್ಲಿ ಮಾಂಸ ತಿನ್ನದ, ಕುಡಿಯದ ಅಪ್ಪ ಅಮ್ಮನಿಗೆ ಏನು ಸಿಗುತ್ತದೆ?

ಧಾರಾಳವಾಗಿ ಕರೆದುಕೊಂಡು ಹೋಗಿ. ಬಾರ್ ಅಂತ ಹೆಸರಿದ್ದರೂ ಮಕ್ಕಳು, ಅಜ್ಜಿಯಂದಿರು ಎಲ್ಲರೂ ಬರುವ ಜಾಗ ಅದು. ಕುಡಿಯೋಕೆ ಮೋಸ್ತೋ ಕೇಳಿ, ದ್ರಾಕ್ಷಿ ರಸ. ಆದರೆ ಸೆವಿಲ್ಲೆ ಕಡೆ ಹೊಸ ವೈನಿಗೂ ಅದೇ ಹೆಸರು, ಹಾಗಾಗಿ "ಸಿನ್ ಆಲ್ಕೋಲ್" (ಆಲ್ಕೋಹಾಲ್ ಇಲ್ಲದ್ದು) ಅಂತ ಸೇರಿಸಿ ಹೇಳಿ.

ಊಟಕ್ಕೆ "ಮಾಂಸ ಬೇಡ" ಅಂದರೆ ಮಾತ್ರ ಸಾಲದು. ಅಲ್ಲಿ ಎಷ್ಟೋ ಜನರ ಲೆಕ್ಕದಲ್ಲಿ ಹಾಮೋನ್ (ಉಪ್ಪು ಹಾಕಿ ಒಣಗಿಸಿದ ಹಂದಿ ಮಾಂಸ) ಚೂರು, ಟ್ಯೂನಾ ಮೀನು ಮಾಂಸವೇ ಅಲ್ಲ! ಸಾಲ್ಮೊರೆಹೋ ಅನ್ನುವ ತಣ್ಣನೆ ಟೊಮೆಟೊ ಸೂಪಿನ ಮೇಲೆ ಹಾಮೋನ್, ಮೊಟ್ಟೆ ಉದುರಿಸಿ ಕೊಡುತ್ತಾರೆ. ಆಲೂಗಡ್ಡೆ ಮಯೊನೀಸ್ ಸಲಾಡ್‌ನಲ್ಲಿ ಹೆಚ್ಚಾಗಿ ಟ್ಯೂನಾ ಇರುತ್ತದೆ. "ಸಿನ್ ಹಾಮೋನ್, ಸಿನ್ ಅತೂನ್" (ಹಾಮೋನ್ ಬೇಡ, ಟ್ಯೂನಾ ಬೇಡ) ಅಂತ ಹೆಸರು ಹಿಡಿದೇ ಹೇಳಿ.

ನಾನು ಮೊದಲು ಕೇಳುವುದು ಎಸ್ಪಿನಾಕಾಸ್ ಕೋನ್ ಗಾರ್ಬಾನ್ಸೋಸ್. ಪಾಲಕ್, ಕಾಬೂಲಿ ಕಡಲೆ. ಬ್ರೆಡ್ಡು, ಬೆಳ್ಳುಳ್ಳಿಯನ್ನು ಆಲಿವ್ ಎಣ್ಣೆಯಲ್ಲಿ ಕರಿದು, ಜೀರಿಗೆ ಸೇರಿಸಿ ಅರೆದು, ಪ್ಯಾಪ್ರಿಕಾ ಪುಡಿ, ಚೂರು ವಿನೆಗರ್ ಹಾಕಿ ಸೊಪ್ಪಿಗೆ ಬೆರೆಸುತ್ತಾರೆ. ಪುಟ್ಟ ತಟ್ಟೆಯಲ್ಲಿ ಗಟ್ಟಿಯಾಗಿ ಬರುತ್ತದೆ, ಅಂಚಿನಲ್ಲಿ ಕೆಂಪು ಎಣ್ಣೆ. ಜೀರಿಗೆ ಘಮಕ್ಕೆ ಅಮ್ಮ ಖುಷಿಯಾಗುತ್ತಾರೆ ನೋಡಿ. ಖಾರ ಮಾತ್ರ ಇರಲ್ಲ. ಜೇನು ಸುರಿದ ಬದನೆಕಾಯಿ ಕರಿದದ್ದೂ ಚೆನ್ನಾಗಿರುತ್ತದೆ, ಆದರೆ ಅದೇ ಎಣ್ಣೆಯಲ್ಲಿ ಮೀನೂ ಕರಿದಿರಬಹುದು. ಮಡಿ ಜಾಸ್ತಿ ಇದ್ದರೆ ಬಿಟ್ಟುಬಿಡಿ. ತೋರ್ತಿಯಾ ಅಂದರೆ ಆಲೂಗಡ್ಡೆ ಆಮ್ಲೆಟ್, ಅದರಲ್ಲಿ ಮೊಟ್ಟೆ ಇದ್ದೇ ಇರುತ್ತದೆ.

ಎಲ್ಲವನ್ನೂ ಒಟ್ಟಿಗೆ ಆರ್ಡರ್ ಮಾಡಬೇಡಿ. ತಪಾ ಅಂದರೆ ಚಿಕ್ಕ ತಟ್ಟೆ, ರಾಸಿಯೋನ್ ಅಂದರೆ ಹಂಚಿಕೊಂಡು ತಿನ್ನುವಷ್ಟು ದೊಡ್ಡ ತಟ್ಟೆ. ಒಂದೆರಡು ತಪಾ ಹೇಳಿ, ತಿಂದು, ಮತ್ತೆ ಕೇಳಿ. ದುಡ್ಡು ಕೊನೆಗೆ. 1670ರಿಂದ ಇರುವ ಎಲ್ ರಿಂಕೊನ್ಸಿಯೋ ಅನ್ನುವ ಬಾರ್‌ನಲ್ಲಿ ನಿಮ್ಮ ಲೆಕ್ಕವನ್ನು ಕಟ್ಟೆಯ ಮರದ ಮೇಲೇ ಸೀಮೆಸುಣ್ಣದಲ್ಲಿ ಬರೆಯುತ್ತಾರೆ. ಕೂಡಿಸಿ, ದುಡ್ಡು ತಗೊಂಡು, ಒರೆಸಿಬಿಡುತ್ತಾರೆ. ಅಪ್ಪನಿಗೆ ನಿಲ್ಲೋದು ಕಷ್ಟವಾದರೆ ಮೇಜು ಕೇಳಿ. ಕೆಲವು ಕಡೆ ಮೇಜಿಗೆ ರೇಟು ಸ್ವಲ್ಪ ಜಾಸ್ತಿ, ಚಿಕ್ಕ ತಪಾ ಕೊಡದೆಯೂ ಇರಬಹುದು.

ಗ್ರನಾಡಾದಲ್ಲಿ ಡ್ರಿಂಕ್ ಜತೆ ತಪಾ ಪುಕ್ಕಟೆ ಅಂತ ಯಾರಾದರೂ ಆಸೆ ಹುಟ್ಟಿಸಬಹುದು. ನಿಜವೇ. ಆದರೆ ಸಾಮಾನ್ಯವಾಗಿ ಅವರು ಕೊಟ್ಟಿದ್ದನ್ನೇ ತಿನ್ನಬೇಕು, ಅದು ಹೆಚ್ಚಾಗಿ ಮೀನೋ ಮಾಂಸವೋ. ನಿಮಗೆ ಸೆವಿಲ್ಲೆಯೇ ವಾಸಿ.

ಸಮಯ ನೋಡಿಕೊಳ್ಳಿ. ಮಧ್ಯಾಹ್ನದ ಊಟ ಎರಡು ಗಂಟೆಗೆ. ನಾಲ್ಕರ ಮೇಲೆ ಹಳೇ ಬಾರ್‌ಗಳ ಅಡುಗೆಮನೆ ಹೆಚ್ಚಾಗಿ ಮುಚ್ಚಿರುತ್ತದೆ, ರಾತ್ರಿ ಎಂಟರವರೆಗೂ ಕಾಯಬೇಕಾಗುತ್ತದೆ. ಆಗಸ್ಟ್‌ನಲ್ಲಿ ಹೋಗುತ್ತಿದ್ದರೆ ಮೊದಲೇ ವಿಚಾರಿಸಿ, ಮನೆಯವರೇ ನಡೆಸುವ ಎಷ್ಟೋ ಬಾರ್‌ಗಳು ರಜೆಗೆ ಬಾಗಿಲು ಹಾಕಿರುತ್ತವೆ.