ಮಳೆಗಾಲದಲ್ಲಿ ಜಲವರ್ಣ: ಕಾಗದ ಅಲೆಯಾಗೋದು, ಹಸಿರು ಕೆಸರಾಗೋದು (ಕಾಫಿ ಕೊಂಬೆ ಚಿತ್ರಕ್ಕೆ ಉತ್ತರ)

ನಾಪೋಕ್ಲಿನ ಅಕ್ಕ ಹಾಕಿದ ಕಾಫಿ ಕೊಂಬೆ ಚಿತ್ರ ನೋಡಿದೆ. ಡ್ರಾಯಿಂಗ್ ಬಗ್ಗೆ ತಕರಾರಿಲ್ಲ, ಗೊಂಚಲು ಕೊಂಬೆಗೆ ಅಂಟಿಕೊಂಡಿರೋ ರೀತಿ ಸರಿಯಾಗಿ ಬಂದಿದೆ. ನೀವು ಕೇಳಿರೋದು ಮೂರು ಪ್ರಶ್ನೆ: ಕಾಗದ ಯಾಕೆ ಅಲೆ ಅಲೆ ಆಯ್ತು, ಹಿನ್ನೆಲೆಯಲ್ಲಿ ಹಲ್ಲುಹಲ್ಲಿನ ಅಂಚಿರೋ ಬಿಳಿ ಕಲೆ ಎಲ್ಲಿಂದ ಬಂತು, ಎಲೆಯ ಹಸಿರು ಯಾಕೆ ಕೆಸರಾಯ್ತು. ಕೆಳಗೆ ಒಬ್ಬರಾದ ಮೇಲೆ ಒಬ್ಬರು "300 ಜಿಎಸ್ಎಂ ಕಾಗದ ತಗೊಳ್ಳಿ" (ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ ಎಷ್ಟು ಗ್ರಾಂ ಅನ್ನೋದು) ಅಂತ ಬರೆದು ಕೈ ತೊಳೆದುಕೊಂಡಿದ್ದಾರೆ. ತಗೊಳ್ಳಿ, ಬೇಡ ಅನ್ನಲ್ಲ. ಆದರೆ ನೀವೇ ಬರೆದಿದ್ದೀರಲ್ಲ, "ಒಂದು ವಾಶ್ ಹಾಕಿ ಹೇರ್ ಡ್ರೈಯರ್ ಹಿಡಿದು ಐದು ನಿಮಿಷಕ್ಕೆ ಮುಂದಿನ ಲೇಯರ್" ಅಂತ (ವಾಶ್ ಅಂದರೆ ನೀರು ಹೆಚ್ಚಿರೋ ತೆಳು ಬಣ್ಣದ ಪದರ), ಕಲೆ, ಕೆಸರು ಎರಡಕ್ಕೂ ಉತ್ತರ ಅಲ್ಲೇ ಇದೆ. ಅಲೆಗೆ ಕಾರಣ ಬೇರೆ, ಅದು ಆಮೇಲೆ. ಈ ಗುಂಪಿನಲ್ಲಿ ಪ್ರತಿ ಜುಲೈ ತಿಂಗಳಲ್ಲೂ ಯಾರಾದರೊಬ್ಬರು ಇದನ್ನೇ ಮಾಡ್ತಾರೆ.

ಡ್ರೈಯರ್ ಒಣಗಿಸೋದು ಮೇಲ್ಪದರ ಮಾತ್ರ. ಕಣದಲ್ಲಿ ಹರಡಿದ ಕಾಫಿ ಮೇಲೆ ಗರಿಗರಿ, ಒಳಗೆ ಹಸಿ ಇರುತ್ತಲ್ಲ, ಹಾಗೆ. ಮಡಿಕೇರಿ, ಭಾಗಮಂಡಲ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಾಳಿಯೇ ಒದ್ದೆ. ಕಾಗದದ ಒಳಗಿನ ನೀರು ಹೋಗೋದಕ್ಕೆ ದಾರಿಯೇ ಇಲ್ಲ. ಅದರ ಮೇಲೆ ಎರಡನೇ ಕೋಟ್ ಬಿದ್ದರೆ ಕೆಳಗಿನ ಬಣ್ಣ ಕದಡಿ ಮೇಲಿನದರ ಜೊತೆ ಬೆರೆಯುತ್ತೆ. ಕೆಸರು ಬಂದಿದ್ದು ಹೀಗೆ. ಹಲ್ಲಿನ ಅಂಚಿನ ಕಲೆ ಬೇರೆ: ಅರ್ಧ ಒಣಗಿದ ವಾಶ್‌ಗೆ ಅದಕ್ಕಿಂತ ಹೆಚ್ಚು ನೀರಿರೋ ಬ್ರಷ್ ತಾಗಿದಾಗ, ಹೊಸ ನೀರು ಹಳೇ ಬಣ್ಣವನ್ನು ಹೊರಕ್ಕೆ ತಳ್ಳಿ ಅಂಚಿನಲ್ಲಿ ಗುಡ್ಡೆ ಹಾಕುತ್ತೆ. ಮೇಲ್ಮೈಯ ಹೊಳಪು ನೋಡಿ. ನೀರು ನಿಂತ ಹಾಗೆ ಹೊಳೀತಿದ್ದರೆ ಬಣ್ಣ ಬಿಡಬಹುದು. ಹೊಳಪು ಕುಂದಿ ರೇಷ್ಮೆ ಮಿನುಗಿಗೆ ಬಂದಾಗ ಬಿಡೋದಾದರೆ ಬ್ರಷ್‌ನಲ್ಲಿ ನೀರು ಕಮ್ಮಿ, ಬಣ್ಣ ಗಟ್ಟಿ ಇರಬೇಕು. ಮಿನುಗು ಪೂರ್ತಿ ಹೋಗಿ ಇನ್ನೂ ತಣ್ಣಗಿದ್ದರೆ ಕೈ ಕಟ್ಟಿ ಕೂರಬೇಕು. ನಿಮ್ಮ ಕಲೆ ಎದ್ದಿರೋದು ಈ ಮೂರನೇ ಹಂತದಲ್ಲಿ.

ಒಣಗಿದೆಯೋ ಇಲ್ಲವೋ ಅಂತ ಬೆರಳಿಟ್ಟು ನೋಡಬೇಡಿ. ಬೆರಳಿನ ಜಿಡ್ಡು ಕಾಗದಕ್ಕೆ ಹತ್ತಿದರೆ ಅಲ್ಲಿ ಬಣ್ಣ ಹಿಡಿಯಲ್ಲ. ಅಂಗೈ ಹಿಂಭಾಗವನ್ನ ಕಾಗದದ ಮೂಲೆಗೆ ತಾಗಿಸಿ, ಆಮೇಲೆ ಅದೇ ಸರಕಿನ ಒಣ ತುಂಡಿಗೆ ತಾಗಿಸಿ ಹೋಲಿಸಿ. ಹಸಿ ಇದ್ದರೆ ತಣ್ಣಗೆ ಅನಿಸುತ್ತೆ. ಎರಡೂ ಒಂದೇ ಥರ ಅನಿಸಿದಾಗ ಮಾತ್ರ ಮುಂದಿನ ಲೇಯರ್. ಮಳೆ ಹಿಡಿದ ದಿನ ಒಂದು ದೊಡ್ಡ ವಾಶ್‌ಗೆ ಎರಡು ಗಂಟೆ ಬೇಕಾದರೂ ಬೇಕು. ಕಾಯೋಕೆ ಆಗಲ್ಲ ಅನ್ನೋರು ಒಟ್ಟಿಗೆ ಎರಡು ಚಿತ್ರ ಶುರು ಮಾಡಿ, ಒಂದು ಒಣಗೋವಾಗ ಇನ್ನೊಂದು.

ಈಗ ಅಲೆಯ ವಿಷಯ. 200 ಜಿಎಸ್ಎಂ ಹಾಳೆಯನ್ನ ಮಾಸ್ಕಿಂಗ್ ಟೇಪ್‌ನಲ್ಲಿ ಹಲಗೆಗೆ ಅಂಟಿಸಿದ್ದೀರಿ. ಮಾಸ್ಕಿಂಗ್ ಟೇಪ್ ಇರೋದು ಅಂಚು ನೀಟಾಗಿ ಬಿಡಿಸೋಕೆ. ಎಳೆತ ತಡೆಯೋ ಶಕ್ತಿ ಅದಕ್ಕಿಲ್ಲ. ಕಾಗದ ನೀರು ಕುಡಿದು ಹಿಗ್ಗುತ್ತೆ, ಹಿಗ್ಗಿದ್ದು ಎಲ್ಲಿಗೂ ಹೋಗೋಕಾಗದೆ ಏಳುತ್ತೆ, ತಗ್ಗಿನಲ್ಲಿ ಬಣ್ಣದ ನೀರು ನಿಲ್ಲುತ್ತೆ. 300 ಜಿಎಸ್ಎಂ ತಂದರೂ ಹಿನ್ನೆಲೆ ಪೂರ್ತಿ ತೋಯಿಸಿದರೆ ಸ್ವಲ್ಪವಾದರೂ ಏಳುತ್ತೆ. ಹಾಳೆಗಳ ನಾಲ್ಕೂ ಅಂಚು ಅಂಟಿಸಿರೋ ಕಾಗದದ ಕಟ್ಟು (ಬ್ಲಾಕ್) ಕೂಡ ಏಳುತ್ತೆ, ಒಣಗಿದ ಮೇಲೆ ಕೂರುತ್ತೆ ಅಷ್ಟೆ. ಮೊದಲೇ ಹಿಗ್ಗಿಸಿ ಬಿಗಿದಿಡೋದೇ ನೇರ ದಾರಿ, ಅಂದರೆ ಸ್ಟ್ರೆಚ್ ಮಾಡೋದು.

ಹಲಗೆ 12 ಮಿಮೀ ಬಿಡಬ್ಲ್ಯೂಆರ್ (ನೀರು ತಡೆಯೋ) ಪ್ಲೈವುಡ್ ಇರಲಿ. ವಾರ್ನಿಶ್ ಹೊಡೆದಿರಬಾರದು, ಗಮ್ ಹಿಡಿಯಲ್ಲ. ಟೇಪ್ ಅಂದರೆ ಒಂದು ಮುಖಕ್ಕೆ ಒಣ ಅಂಟು ಇರೋ ಕಂದು ಕಾಗದದ ಗಮ್ ಟೇಪ್, ಒದ್ದೆ ಮಾಡಿದರೆ ಮಾತ್ರ ಅಂಟೋದು. ಅಂಗಡಿಯಲ್ಲಿ "ಬ್ರೌನ್ ಟೇಪ್" ಅಂದರೆ ಪ್ಯಾಕಿಂಗ್ ಪ್ಲಾಸ್ಟಿಕ್ ಟೇಪ್ ಕೊಟ್ಟು ಕಳಿಸ್ತಾರೆ, ಅದು ಒದ್ದೆ ಕಾಗದಕ್ಕೆ ಒಂದು ಕ್ಷಣವೂ ನಿಲ್ಲಲ್ಲ. 50 ಮಿಮೀ ಅಗಲದ್ದು ತಗೊಳ್ಳಿ. ಕಾಗದ ನೆನೆಸೋಕೆ ಮುಂಚೆಯೇ, ಕೈ ಒಣಗಿರುವಾಗಲೇ, ನಾಲ್ಕು ಪಟ್ಟಿ ಕತ್ತರಿಸಿಡಿ, ಪ್ರತಿಯೊಂದೂ ಬದಿಗಿಂತ 5 ಸೆಂಮೀ ಉದ್ದ. ಒದ್ದೆ ಕೈಯಲ್ಲಿ ರೋಲ್ ಮುಟ್ಟಿದರೆ ಇಡೀ ರೋಲ್ ಗಟ್ಟಿಯಾಗಿ ಅಂಟಿ ಕೂರುತ್ತೆ. ನಮ್ಮ ಹವೆಗೆ ಮುಟ್ಟದಿದ್ದರೂ ಅಂಟುತ್ತೆ, ಹಾಗಾಗಿ ರೋಲ್ ಯಾವಾಗಲೂ ಜಿಪ್ ಕವರಿನಲ್ಲೇ ಇರಲಿ.

ತಣ್ಣೀರಲ್ಲಿ ನೆನೆಸಿ. ಬಿಸಿನೀರು ಬೇಡವೇ ಬೇಡ, ಜೆಲಾಟಿನ್ ಸೈಜಿಂಗ್ (ಕಾಗದ ಬಣ್ಣವನ್ನ ಒಮ್ಮೆಲೇ ಹೀರದ ಹಾಗೆ ತಡೆಯೋ ಲೇಪ) ಬಿಟ್ಟುಹೋಗುತ್ತೆ. 200 ಜಿಎಸ್ಎಂಗೆ ಮೂರು ನಿಮಿಷ, 300ಕ್ಕೆ ಆರರಿಂದ ಎಂಟು. ಮೂಲೆ ಹಿಡಿದೆತ್ತಿ ನೀರು ತೊಟ್ಟಿಕ್ಕೋದು ನಿಲ್ಲೋವರೆಗೆ ಹಿಡಿದು, ಹಲಗೆ ಮೇಲೆ ಮಧ್ಯದಿಂದ ಹೊರಕ್ಕೆ ಮಲಗಿಸಿ. ಉಜ್ಜಬೇಡಿ, ಸಣ್ಣ ಉಬ್ಬು ಉಳಿದರೆ ಉಳಿಯಲಿ, ಒಣಗೋವಾಗ ಅದೇ ಎಳೆದುಕೊಳ್ಳುತ್ತೆ. ಟೇಪ್ ಕೂರೋ ಅಂಚನ್ನ ಮಾತ್ರ ಹತ್ತಿ ಬಟ್ಟೆಯಲ್ಲಿ ಒತ್ತಿ ನೀರು ತೆಗೀರಿ. ಟೇಪ್‌ಗೆ ಸ್ಪಂಜಿನಲ್ಲಿ ಒಂದೇ ಸಲ ಸವರಿ. ಎರಡು ಮೂರು ಸಲ ಸವರಿದರೆ ಅಂಟೇ ತೊಳೆದುಹೋಗುತ್ತೆ, ಟೇಪ್ ಬಿಟ್ಟುಕೊಂಡಿತು ಅನ್ನೋ ದೂರಿಗೆ ಹೆಚ್ಚಿನ ಸಲ ಕಾರಣ ಇದೇ. ಅರ್ಧ ಕಾಗದದ ಮೇಲೆ, ಅರ್ಧ ಹಲಗೆ ಮೇಲೆ ಇರಲಿ. ಅಂಟಿಸಿದ ಮೇಲೆ ಮಲಗಿಸಿಯೇ ಇಡಿ. ಗೋಡೆಗೆ ಒರಗಿಸಿದರೆ ನೀರೆಲ್ಲ ಕೆಳಗಿನ ಅಂಚಿಗೆ ಇಳಿದು ಆ ಪಟ್ಟಿ ಕಿತ್ತುಬರುತ್ತೆ. ಒಲೆ ಹತ್ತಿರ, ಬಿಸಿಲಲ್ಲಿ ಇಡೋದೂ ಬೇಡ, ಅಂಚು ಮೊದಲು ಒಣಗಿ ಬಿಗಿದು ಕಾಗದವೇ ಸೀಳುತ್ತೆ. ಕೋಣೆಯಲ್ಲಿ ಫ್ಯಾನ್ ಓಡಲಿ, ಕಾಗದದ ಮೇಲೆ ನೇರ ಬೀಸೋದು ಬೇಡ. ಪುಸ್ತಕಗಳಲ್ಲಿ "ರಾತ್ರಿ ಬಿಟ್ಟು ಬೆಳಗ್ಗೆ ಬರೆಯಿರಿ" ಅಂತಿರುತ್ತೆ, ಅದು ಒಣ ಊರಿನವರ ಲೆಕ್ಕ. ಇಲ್ಲಿ ಮಳೆಗಾಲದಲ್ಲಿ 24 ಗಂಟೆಯಿಂದ ಒಂದೂವರೆ ದಿನ ಹಿಡಿಯಿರಿ. ಚಿತ್ರ ಮುಗಿದು, ಅದೂ ಪೂರ್ತಿ ಒಣಗೋವರೆಗೆ ಹಲಗೆಯಿಂದ ಕತ್ತರಿಸಬೇಡಿ.

ಇಷ್ಟೆಲ್ಲ ಮಾಡಿದರೂ ಬಣ್ಣ ಚುಕ್ಕೆ ಚುಕ್ಕೆಯಾಗಿ ಒಳಕ್ಕೆ ಹೀರಿದರೆ ತಪ್ಪು ನಿಮ್ಮದಲ್ಲ, ಕಾಗದದ ಸೈಜಿಂಗ್ ಸತ್ತಿದೆ. ತೇವದಲ್ಲಿ ವರ್ಷಗಟ್ಟಲೆ ಇಟ್ಟ ಕಾಗದಕ್ಕೆ ಹೀಗಾಗುತ್ತೆ, ಎಷ್ಟೇ ದುಡ್ಡು ಕೊಟ್ಟು ತಂದಿದ್ದರೂ ಸರಿ. ಆರ್ಶ್, ಸಾಂಡರ್ಸ್ ವಾಟರ್‌ಫೋರ್ಡ್, ಫ್ಯಾಬ್ರಿಯಾನೋ ಆರ್ಟಿಸ್ಟಿಕೋ ಮೂರೂ ನೂರಕ್ಕೆ ನೂರು ಹತ್ತಿ, ಮೂರೂ ಚೆನ್ನ. ಆದರೆ ಕಲಿಯೋ ಹಂತದಲ್ಲಿ ಅವಕ್ಕೆ ದುಡ್ಡು ಸುರಿದು ಬೀರುವಿನಲ್ಲಿ ಬೂಸ್ಟು ಹಿಡಿಸೋರನ್ನ ನೋಡಿದರೆ ಸಿಟ್ಟು ಬರುತ್ತೆ. ಬ್ರುಸ್ಟ್ರೋದ 25% ಹತ್ತಿಯ 300 ಜಿಎಸ್ಎಂ ಅಭ್ಯಾಸಕ್ಕೆ ಸಾಕು, ಗ್ಲೇಜ್ (ಒಣಗಿದ ಬಣ್ಣದ ಮೇಲೆ ಹಾಕೋ ತೆಳು ಪಾರದರ್ಶಕ ಬಣ್ಣ) ಮೇಲೆ ಗ್ಲೇಜ್ ಐದಾರು ಪದರ ಹಾಕೋ ಹೊತ್ತಿಗೆ ಹತ್ತಿ ಕಾಗದಕ್ಕೆ ಬನ್ನಿ. ಹೂವು, ಹಣ್ಣು, ಎಲೆಯ ನರ ಅಂತ ಸೂಕ್ಷ್ಮ ಕೆಲಸಕ್ಕೆ ಹಾಟ್ ಪ್ರೆಸ್ (ನುಣುಪು ಮೇಲ್ಮೈಯ ಕಾಗದ) ಅಂತಾರೆ, ನಿಜ. ಆದರೆ ಅದರ ಮೇಲೆ ನೀರು ಜಾರುತ್ತೆ, ಕಲೆ ಬೇಗ ಏಳುತ್ತೆ. ಮೊದಲು ಸ್ವಲ್ಪ ತರಿ ಇರೋ ಕೋಲ್ಡ್ ಪ್ರೆಸ್ ಕಾಗದದಲ್ಲಿ ಕೈ ಕುದುರಲಿ.

ಕಾಗದ ಇಡೋದಕ್ಕೆ ಬೀರುವಿನಲ್ಲಿ ಬಲ್ಬ್ ಹಾಕ್ತಾರಲ್ಲ, ಆ ಹಳೇ ಉಪಾಯ ಒಳ್ಳೇದೇ. 15 ವ್ಯಾಟಿನ ತಂತಿ ಬಲ್ಬೇ ಆಗಬೇಕು, ಎಲ್‌ಇಡಿಗೆ ಆ ಬಿಸಿ ಇಲ್ಲ. ಬಟ್ಟೆ, ಕಾಗದದಿಂದ ಒಂದು ಗೇಣು ದೂರ ಇರಲಿ, ಮನೆಯಲ್ಲಿ ಯಾರೂ ಇಲ್ಲದಾಗ ಆರಿಸಿ. ಬೀರು ಇಲ್ಲದವರು ದೊಡ್ಡ ಜಿಪ್ ಕವರ್, ಒಳಗೆ ಸಿಲಿಕಾ ಜೆಲ್. ಕಿತ್ತಳೆಯಿಂದ ಹಸಿರಿಗೆ ತಿರುಗೋ ಜೆಲ್ ತಗೊಳ್ಳಿ. ನೀಲಿಯಿಂದ ಗುಲಾಬಿಗೆ ತಿರುಗೋದರಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತೆ, ಅದನ್ನ ಅಡುಗೆ ಓವನ್‌ನಲ್ಲಿ ಒಣಗಿಸೋ ಸಾಹಸ ಬೇಡ. ಇನ್ನು ಒಲೆ ಮೇಲಿನ ಅಟ್ಟ ಬೆಚ್ಚಗಿದೆ ಅಂತ ಅಲ್ಲಿಡೋರಿದ್ದಾರೆ, ಹೊಗೆಗೆ ಕಾಗದ ಹಳದಿಯಾಗುತ್ತೆ.

ಚಿತ್ರಕ್ಕೆ ಬರೋಣ. ಹಣ್ಣಿಗೆ ಕಪ್ಪು ಬೆರೆಸಿ ನೆರಳು ಕೊಟ್ಟಿದ್ದೀರಿ, ಅದಕ್ಕೇ ಹಣ್ಣು ಕೊಳೆತ ಹಾಗೆ ಕಾಣ್ತಿದೆ. ಮೊದಲ ಪದರ ತೆಳು ಹಳದಿ-ಕಿತ್ತಳೆ, ಹೊಳಪಿನ ಜಾಗ ಬಿಳಿಯಾಗೇ ಬಿಟ್ಟು. ಒಣಗಿದ ಮೇಲೆ ಕೆಂಪು, ಹೊಳಪಿನ ಒಂದು ಬದಿ ಗಡುಸು ಅಂಚು, ಇನ್ನೊಂದು ಬದಿ ಒದ್ದೆ ಬ್ರಷ್‌ನಿಂದ ಕರಗಿಸಿ. ನೆರಳಿಗೆ ಪರ್ಮನೆಂಟ್ ಅಲಿಜರಿನ್ ಜೊತೆ ಚೂರು ಅಲ್ಟ್ರಾಮರೀನ್. ಬರೀ "ಅಲಿಜರಿನ್ ಕ್ರಿಮ್ಸನ್" ಅಂತಿದ್ದು ಟ್ಯೂಬಿನ ಹಿಂಬದಿ ಪಿಗ್ಮೆಂಟ್ (ಬಣ್ಣದ ಪುಡಿ) ಸಂಖ್ಯೆ ಪಿಆರ್ 83 ಅಂತ ಇದ್ದರೆ ಬಿಡಿ, ಬೆಳಕಿಗೆ ಮಾಸುತ್ತೆ. ಎರಡು ಹಣ್ಣು ತಾಗೋ ಗೆರೆ ಇಡೀ ಗೊಂಚಲಲ್ಲೇ ಗಾಢ ಜಾಗ. ಕೆಳಗಿನ ಅಂಚಿನಲ್ಲಿ ಮಾತ್ರ ಪಕ್ಕದ ಎಲೆಯ ಹಸಿರು ಛಾಯೆ ತೆಳ್ಳಗೆ ಹಿಂತಿರುಗಿ ಬಿದ್ದಿರುತ್ತೆ, ಅದನ್ನ ಬಿಟ್ಟರೆ ಹಣ್ಣು ದುಂಡಗಾಗಲ್ಲ. ತುದಿಯ ಹೊಕ್ಕಳ ಗುರುತು ಎಲ್ಲ ಹಣ್ಣಿಗೂ ನೇರ ಮುಂದೆಯೇ ಹಾಕಿದ್ದೀರಿ. ಗೊಂಚಲಲ್ಲಿ ಒಂದೊಂದೂ ಒಂದೊಂದು ದಿಕ್ಕಿಗೆ ನೋಡುತ್ತೆ, ಕೆಲವಕ್ಕೆ ಕಾಣೋದೇ ಇಲ್ಲ.

ಕಾಫಿ ಎಲೆಯ ಮೇಲ್ಮೈ ಹೊಳೆಯುತ್ತೆ, ಆ ಹೊಳಪು ಬಿಳಿ ಅಲ್ಲ, ಆಕಾಶದ ನೀಲಿ. ಮೊದಲು ಇಡೀ ಎಲೆಗೆ ತೀರಾ ತೆಳು ಸೆರುಲಿಯನ್ ಹಾಕಿ ಪೂರ್ತಿ ಒಣಗಿಸಿ, ಆಮೇಲೆ ಹಸಿರನ್ನ ಹೊಳಪು ಬಿಟ್ಟು ಹಾಕಿ. ನರಗಳ ನಡುವೆ ಎಲೆ ಉಬ್ಬಿರುತ್ತೆ, ಒಂದೊಂದು ಉಬ್ಬಿಗೂ ಅದರದೇ ಬೆಳಕು-ನೆರಳು. ನಡುನರವನ್ನ ಬಿಳಿ ಬಣ್ಣದಲ್ಲಿ ಎಳೆಯೋದು ಬೇಡ, ಚಪ್ಪಟೆ ಬ್ರಷ್ ಒದ್ದೆ ಮಾಡಿ ಹಿಂಡಿ ಎಳೆದು ಬಣ್ಣ ಎತ್ತಿ. ಥಾಲೋ ಹಸಿರು ಕಾಗದಕ್ಕೆ ಕಚ್ಚಿಕೊಳ್ಳುತ್ತೆ, ಎತ್ತೋಕೆ ಬರಲ್ಲ. ಹಾಗಾಗಿ ಅಲ್ಟ್ರಾಮರೀನ್ ಮತ್ತು ಹಳದಿ ಸೇರಿಸಿ ಹಸಿರು ಮಾಡಿ, ತಗ್ಗಿಸೋಕೆ ಬರ್ನ್ಟ್ ಸಿಯೆನ್ನಾ. ಟ್ಯೂಬಿನ ಸ್ಯಾಪ್ ಗ್ರೀನ್‌ನಲ್ಲಿ ಸಾಮಾನ್ಯವಾಗಿ ಎರಡು ಮೂರು ಪಿಗ್ಮೆಂಟ್ ಆಗಲೇ ಬೆರೆತಿರುತ್ತೆ, ಅದರ ಮೇಲೆ ಇನ್ನೆರಡು ಸೇರಿಸಿದರೆ ಕೆಸರಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಕ್ಯಾಮೆಲ್ ವಿದ್ಯಾರ್ಥಿ ಬಣ್ಣದಲ್ಲಿ ಗ್ಲೇಜ್ ಮಾಡಿ ನೋಡಿ ಬೇಸರಪಟ್ಟುಕೊಳ್ಳಬೇಡಿ, ಅದು ಅದಕ್ಕಲ್ಲ. ನಾಲ್ಕೇ ಟ್ಯೂಬ್ ಇರಲಿ, ಆರ್ಟಿಸ್ಟ್ ದರ್ಜೆಯದಿರಲಿ.

ಮಾಸ್ಕಿಂಗ್ ಫ್ಲೂಯಿಡ್ (ಬಿಳಿ ಉಳಿಸೋ ಜಾಗ ಮುಚ್ಚೋ ರಬ್ಬರ್ ದ್ರವ) ಮೇಲೆ ಡ್ರೈಯರ್ ಹಿಡಿದಿದ್ದೀರಿ, ಅದಕ್ಕೇ ಎಳೆದಾಗ ಕಾಗದದ ಸಿಪ್ಪೆ ಎದ್ದಿದ್ದು. ಬಿಸಿಗೆ ರಬ್ಬರ್ ಕಾಗದದೊಳಕ್ಕೆ ಕಚ್ಚುತ್ತೆ. ಹಸಿ ಕಾಗದಕ್ಕೆ ಹಚ್ಚಿದರೂ ಇದೇ ಗತಿ. ಒಣ ಕಾಗದಕ್ಕೆ ಹಚ್ಚಿ, ಮರುದಿನಕ್ಕೆ ಮುಂಚೆ ತೆಗೆಯಿರಿ, ಬ್ರಷ್ ಅದ್ದೋ ಮೊದಲು ಸೋಪ್ ಸವರಿಕೊಳ್ಳಿ.

ಕಾಫಿ ಹೂವನ್ನ ಕ್ರೇಪ್ ಕಾಗದದಲ್ಲಿ ಮಾಡಿ ಅದೇ ಫ್ರೇಮಿಗೆ ಸೇರಿಸ್ತೀನಿ ಅಂದಿದ್ದೀರಲ್ಲ, ಅದಕ್ಕೂ ಎರಡು ಮಾತು. ಕ್ರೇಪಿನ ಸುಕ್ಕಿನ ಗೆರೆ ಎಸಳಿನ ಉದ್ದಕ್ಕೆ ಬರೋ ಹಾಗೆ ಕತ್ತರಿಸಿ, ಅಡ್ಡ ಕತ್ತರಿಸಿದರೆ ಎಸಳು ಅಗಲಕ್ಕೆ ಹಿಗ್ಗಲ್ಲ. ಅರೇಬಿಕಾಕ್ಕೆ ಐದು ಎಸಳು, ರೊಬಸ್ಟಾಕ್ಕೆ ಐದರಿಂದ ಏಳು, ಬುಡದಲ್ಲಿ ಕೊಳವೆ. ಎಸಳುಗಳನ್ನ ಬಿಡಿಬಿಡಿಯಾಗಿ ಅಂಟಿಸಿದರೆ ಆ ಕೊಳವೆ ಬರಲ್ಲ, ಒಂದೇ ಪಟ್ಟಿಯ ಮೇಲ್ಭಾಗ ಸೀಳಿ ಸುತ್ತಿ. ಅಂಟು ಫೆವಿಕಾಲ್ ಎಂಆರ್ ಸಾಕು, ಹಲ್ಲುಕಡ್ಡಿ ತುದಿಯಷ್ಟು. ನೀರು ಬೆರೆಸಬೇಡಿ. ಮೈದಾ ಅಂಟು ಹಾಕೋರಿಗೆ ಜಿರಳೆ ಗ್ಯಾರಂಟಿ. ಅದಕ್ಕೆ ಮೈಲುತುತ್ತ ಬೆರೆಸೋ ಹಳೇ ಬೈಂಡಿಂಗ್ ಪದ್ಧತಿ ಇದೆ, ಬೋರ್ಡೋಗೆ (ಕಾಫಿ ಗಿಡಕ್ಕೆ ಹೊಡೆಯೋ ಔಷಧಿಗೆ) ತಂದಿದ್ದು ಮನೆಯಲ್ಲೇ ಇರುತ್ತೆ ಅಂತ ಕೈ ಹಾಕಬೇಡಿ. ಅದು ವಿಷ, ಮೇಲಾಗಿ ಬಿಳಿ ಕಾಗದಕ್ಕೆ ಹಸಿರು ಕಲೆ ಹಿಡಿಯುತ್ತೆ.

ಚಿತ್ರವನ್ನ ರಟ್ಟಿಗೆ ಅಂಟಿಸಿ ರಟ್ಟು ಬಿಲ್ಲಾಗಿ ಬಾಗಿದರೆ, ಹಿಂಬದಿಗೂ ಅಷ್ಟೇ ದಪ್ಪದ ಕಾಗದ, ಅದೇ ನಾರಿನ ದಿಕ್ಕಿನಲ್ಲಿ ಅಂಟಿಸಬೇಕು. ನಾರಿನ ದಿಕ್ಕು ತಿಳಿಯೋಕೆ ಒಂದು ಚೌಕ ತುಂಡಿನ ಒಂದು ಮುಖ ಒದ್ದೆ ಮಾಡಿ, ಅದು ಕೊಳವೆಯಾಗಿ ಸುರುಳಿ ಸುತ್ತುತ್ತೆ, ಕೊಳವೆಯ ಉದ್ದವೇ ನಾರಿನ ದಿಕ್ಕು. ಈಗಾಗಲೇ ಅಲೆಯಾಗಿರೋ ನಿಮ್ಮ ಚಿತ್ರವನ್ನೂ ಎಸೆಯಬೇಡಿ. ಬೆನ್ನಿಗೆ ಮಾತ್ರ ಸ್ಪಂಜಿನಲ್ಲಿ ತೆಳುವಾಗಿ ನೀರು ಸವರಿ, ಎರಡು ಬ್ಲಾಟಿಂಗ್ ಕಾಗದದ ನಡುವೆ ಹಲಗೆ ಹೇರಿ ಮೇಲೆ ಭಾರ ಇಡಿ. ಬ್ಲಾಟಿಂಗ್ ದಿನಕ್ಕೊಮ್ಮೆ ಬದಲಾಯಿಸಿ, ಇಲ್ಲದಿದ್ದರೆ ಒಳಗೇ ಬೂಸ್ಟು.

ಫ್ರೇಮಿನ ಗಾಜಿಗೆ ಚಿತ್ರ ತಾಗಬಾರದು, ನಡುವೆ ಆಸಿಡ್ ಫ್ರೀ ಮೌಂಟ್ (ಚಿತ್ರದ ಸುತ್ತ ಕೂರೋ ದಪ್ಪ ರಟ್ಟಿನ ಚೌಕಟ್ಟು) ಇರಲಿ, ಹೂವು ಸೇರಿಸೋದಾದರೆ ಬಾಕ್ಸ್ ಫ್ರೇಮೇ ಬೇಕು. ಮಳೆ ಹೊಡೆಯೋ ಹೊರಗೋಡೆಗೆ ನೇತು ಹಾಕಲೇಬೇಡಿ. ಒಳಗೋಡೆಯಾದರೂ ಫ್ರೇಮಿನ ಹಿಂದೆ ನಾಲ್ಕು ಮೂಲೆಗೆ ಕಾರ್ಕ್ ತುಂಡು ಅಂಟಿಸಿ, ಗಾಳಿಯಾಡಲಿ.

ನಿಮ್ಮ ಹಸಿರು ಟ್ಯೂಬಿನ ಹಿಂಬದಿಯ ಫೋಟೋ ಹಾಕಿ ಅಕ್ಕಾ, ಪಿಗ್ಮೆಂಟ್ ಸಂಖ್ಯೆ ಕಾಣೋ ಹಾಗೆ. ಸಂಖ್ಯೆಯೇ ಇಲ್ಲ ಅಂದರೆ ಆ ಟ್ಯೂಬ್ ಮಕ್ಕಳಿಗೆ ಕೊಡಿ.