ಹೆಚ್ಚಿದ ಗುಳ್ಳ ಕಪ್ಪಾಗುವುದೇಕೆ?

ಪ್ರಶ್ನೆ: ಮಾಸ್ತರರಿಗೆ ನಮಸ್ಕಾರ. ಮಟ್ಟುಗುಳ್ಳ ಬದನೆಯನ್ನು ಹೆಚ್ಚಿಟ್ಟರೆ ಸ್ವಲ್ಪ ಹೊತ್ತಿನಲ್ಲೇ ಕಪ್ಪಾಗುತ್ತದೆ. ಮೆಟ್ಟುಕತ್ತಿಯ ಕಬ್ಬಿಣದಿಂದ ಎನ್ನುತ್ತಾರೆ ಅತ್ತೆ. ತರಕಾರಿಯೊಳಗಿನ ತಾಮ್ರದಿಂದ ಎನ್ನುತ್ತಾಳೆ ಪಿಯುಸಿ ಓದುವ ಮಗಳು. ಯಾರ ಮಾತು ಸರಿ?
– ಓದುಗರೊಬ್ಬರು, ಕಟಪಾಡಿ

ಉತ್ತರ: ಇಬ್ಬರ ಮಾತಿನಲ್ಲೂ ಹುರುಳಿದೆ. ಗುಳ್ಳದಲ್ಲಿರುವ ಫೀನಾಲ್ ಜಾತಿಯ ವಸ್ತುಗಳಿಗೆ ಕಬ್ಬಿಣ ಸೋಕಿದರೆ ಕಪ್ಪು ಬಣ್ಣ ಏಳುತ್ತದೆ. ಅತ್ತೆಯವರು ಕಂಡದ್ದು ಅದನ್ನೇ. ಆದರೆ ಸ್ಟೀಲಿನ ಚಾಕುವಿನಲ್ಲಿ ಹೆಚ್ಚಿ ನೋಡಿ, ಆಗಲೂ ಗುಳ್ಳ ಕಂದುಗಟ್ಟುತ್ತದೆ. ಅಲ್ಲಿ ನಿಮ್ಮ ಮಗಳ ಮಾತೇ ನಿಲ್ಲುವುದು.

ಗಿಡ ಮಣ್ಣಿನಿಂದ ತೀರಾ ಅಲ್ಪ ತಾಮ್ರವನ್ನು ಹೀರಿಕೊಳ್ಳುತ್ತದೆ. ಅದರಲ್ಲಿ ಒಂದು ಪಾಲು ಪಾಲಿಫೀನಾಲ್ ಆಕ್ಸಿಡೇಸ್ ಎಂಬ ಕಿಣ್ವಕ್ಕೆ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನಿಗೆ, ಸಲ್ಲುತ್ತದೆ. ಈ ದೊಡ್ಡ ಪ್ರೋಟೀನಿನ ನಡುವಿನ ಪೊಟರೆಯಲ್ಲಿ ಎರಡೇ ಎರಡು ತಾಮ್ರದ ಅಯಾನುಗಳು ಎದುರುಬದುರಾಗಿ ಇರುತ್ತವೆ. ಒಂದೊಂದನ್ನೂ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲದ ಮೂರು ತುದಿಗಳು ಹಿಡಿದುಕೊಂಡಿರುತ್ತವೆ. ತಾಮ್ರದ ತಂಬಿಗೆ ಮಾಡಲಾರದ ಕೆಲಸವನ್ನು ಈ ಎರಡು ಅಯಾನುಗಳು ಮಾಡುವುದು ಈ ಹಿಡಿತದ ಬಲದಿಂದಲೇ.

ಗಾಳಿಯಲ್ಲಿ ಶೇಕಡ 21ರಷ್ಟು ಆಮ್ಲಜನಕ ಇದ್ದರೂ ಅಟ್ಟದ ಸೌದೆ ತಾನಾಗಿ ಹೊತ್ತಿಕೊಳ್ಳುವುದಿಲ್ಲ. ಆಮ್ಲಜನಕದ ಅಣುವಿನಲ್ಲಿ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ. ಆ ಕಾರಣಕ್ಕೆ ಸಾಮಾನ್ಯ ವಸ್ತುಗಳೊಡನೆ ಅದು ಸುಲಭವಾಗಿ ಬೆರೆಯುವುದಿಲ್ಲ. ಅದೇ ಅಣು ಎರಡು ತಾಮ್ರಗಳ ನಡುವೆ ಸಿಕ್ಕಿದಾಗ ಎರಡೂ ಅದಕ್ಕೆ ಒಂದೊಂದು ಎಲೆಕ್ಟ್ರಾನ್ ಕೊಡುತ್ತವೆ. ಅಣುವಿನೊಳಗಿನ ಬಂಧ ಸಡಿಲವಾಗುತ್ತದೆ, ಪಕ್ಕದಲ್ಲಿರುವ ಫೀನಾಲ್ ಕ್ವಿನೋನ್ ಆಗಿ ಬದಲಾಗುತ್ತದೆ. ಕ್ವಿನೋನ್‌ಗಳು ಒಂದಕ್ಕೊಂದು ಬೆಸೆದುಕೊಂಡದ್ದೇ ನೀವು ಕಾಣುವ ಕಪ್ಪು. ತಾಮ್ರಕ್ಕೆ ಅದರ ಎಲೆಕ್ಟ್ರಾನುಗಳು ಫೀನಾಲಿನಿಂದ ಮರಳಿ ಬರುತ್ತವೆ, ಮುಂದಿನ ಸುತ್ತಿಗೆ ಅಣಿಯಾಗುತ್ತದೆ. ಹೆಚ್ಚದ ಗುಳ್ಳದಲ್ಲಿ ಇದು ನಡೆಯುವುದಿಲ್ಲ, ಏಕೆಂದರೆ ಕಿಣ್ವ ಮತ್ತು ಫೀನಾಲ್ ಜೀವಕೋಶದ ಬೇರೆ ಬೇರೆ ಕೋಣೆಗಳಲ್ಲಿರುತ್ತವೆ. ಗೋಡೆ ಒಡೆಯುವುದು ಕತ್ತಿ.

ನನಗೆ ಇನ್ನೂ ಬೆರಗು ಹುಟ್ಟಿಸುವ ಸಂಗತಿಯೊಂದನ್ನು ಹೇಳಲೇಬೇಕು. ಮಲ್ಪೆ ಬಂದರಿನಲ್ಲಿ ಮಂಜುಗಡ್ಡೆ ಸಾಲದ ಸಿಗಡಿಯ ತಲೆ ಕಪ್ಪಾಗುವುದನ್ನು ನೋಡಿರಬಹುದು. ಅಲ್ಲಿಯೂ ಇಂಥದೇ ತಾಮ್ರದ ಕಿಣ್ವ. ಏಡಿಯ ನೀಲಿ ರಕ್ತದಲ್ಲಿ ಇರುವುದೂ ಹೀಗೆಯೇ ಹಿಸ್ಟಿಡಿನ್‌ಗಳು ಹಿಡಿದ ತಾಮ್ರದ ಜೋಡಿ. ಅಲ್ಲಿ ಅದು ಆಮ್ಲಜನಕವನ್ನು ಹೊತ್ತು ತಿರುಗುತ್ತದೆ, ಅಷ್ಟೆ. ಬೇರೆ ಕಿಣ್ವಗಳಲ್ಲಿ ಬೇರೆ ಲೋಹ, ಬೇರೆ ಬಗೆಯ ಕೆಲಸ. ನಮ್ಮ ರಕ್ತದ ಕಾರ್ಬೋನಿಕ್ ಅನ್‌ಹೈಡ್ರೇಸ್ ಎಂಬ ಕಿಣ್ವದ ಸತುವು ಎಲೆಕ್ಟ್ರಾನ್ ಕೊಡುವುದೂ ಇಲ್ಲ, ಪಡೆಯುವುದೂ ಇಲ್ಲ. ನೀರಿನ ಅಣುವನ್ನು ತನಗೆ ಅಂಟಿಸಿಕೊಂಡು ಅದರಿಂದ ಪ್ರೋಟಾನ್ ಕಳಚುವಂತೆ ಮಾಡುತ್ತದೆ. ಅಷ್ಟರಿಂದಲೇ ಒಂದು ಕಿಣ್ವ ಸೆಕೆಂಡಿಗೆ ಸುಮಾರು 10 ಲಕ್ಷ ಇಂಗಾಲದ ಡೈಆಕ್ಸೈಡ್ ಅಣುಗಳನ್ನು ಬೈಕಾರ್ಬೊನೇಟ್ ಮಾಡಬಲ್ಲದು.

ಹೆಚ್ಚಿದ ಗುಳ್ಳವನ್ನು ಮಜ್ಜಿಗೆ ನೀರಿಗೆ ಹಾಕಿ. ಹುಳಿಯಲ್ಲಿ ಈ ಕಿಣ್ವ ಕುಗ್ಗುತ್ತದೆ, ನೀರು ಗಾಳಿಯನ್ನು ದೂರವಿಡುತ್ತದೆ. ಮಗಳಿಗೆ ಒಂದು ಪ್ರಯೋಗ: ಒಂದು ಹೋಳನ್ನು ಹಾಗೆಯೇ ಇಟ್ಟು, ಇನ್ನೊಂದನ್ನು ಎರಡು ನಿಮಿಷ ಕುದಿಯುವ ನೀರಿನಲ್ಲಿ ಅದ್ದಿ ಪಕ್ಕದಲ್ಲಿಡಲಿ. ಕುದಿದ ಹೋಳಿನಲ್ಲಿ ತಾಮ್ರ ಇದ್ದೇ ಇರುತ್ತದೆ, ಅದನ್ನು ಹಿಡಿದಿದ್ದ ಪ್ರೋಟೀನಿನ ಮಡಿಕೆ ಬಿಚ್ಚಿಹೋಗಿರುತ್ತದೆ. ಅರ್ಧ ಗಂಟೆ ಬಿಟ್ಟು ಎರಡರ ಬಣ್ಣ ಹೋಲಿಸಿ ನನಗೆ ಬರೆಯಲು ಹೇಳಿ.