ಗಡ್ಡೆ ಇರಲಿಲ್ಲ, ಬ್ಲೌಸ್ ಬಿಗಿಯಾಗಿತ್ತು

ನಿಮ್ಮ ಪ್ರಶ್ನೆ ಓದಿದೆ. ಅಕ್ಕನಿಗೆ 32 ವರ್ಷ, ಎಂಟು ತಿಂಗಳ ಮಗುವಿಗೆ ಹಾಲು ಕುಡಿಸುತ್ತಿದ್ದಾರೆ. ಒಂದು ಕಡೆಯ ಸ್ತನ ಕೆಂಪಾಗಿ ಊದಿದೆ. ಡಾಕ್ಟರ್ ಗಡ್ಡೆ ಇಲ್ಲ, ಇನ್ಫೆಕ್ಷನ್ ಅಂತ ಮಾತ್ರೆ ಕೊಟ್ಟಿದ್ದಾರೆ. ನೀವು ಎಲ್ಲೋ ‘ಉರಿಯೂತದ ಸ್ತನ ಕ್ಯಾನ್ಸರ್’ ಅಂತ ಓದಿ ಗಾಬರಿಯಾಗಿದ್ದೀರಿ. ಅದು ಬಂದವರಿಗೆ ಹೇಗೆ ಗೊತ್ತಾಯಿತು ಅಂತ ಕೇಳಿದ್ದೀರಿ.

ನನಗೆ ಅದೇ ಬಂದಿತ್ತು, 2019ರಲ್ಲಿ. ಆಗ ನನಗೆ 47. ನನ್ನ ಕಥೆಗೆ ಮುಂಚೆ ಒಂದು ಮಾತು. ಹಾಲು ಕುಡಿಸುವ ತಾಯಂದಿರಿಗೆ ಹೀಗಾದರೆ ಬಹುಪಾಲು ಅದು ಹಾಲು ಕಟ್ಟಿ ಆದ ಬಾವೇ. ಮಾತ್ರೆಗೆ ಇಳಿಯುತ್ತದೆ. ಹಾಗಾಗಿ ಇವತ್ತೇ ಅಕ್ಕನ ಮುಂದೆ ಕ್ಯಾನ್ಸರ್ ಮಾತು ಎತ್ತಿ ಅವರ ನಿದ್ದೆ ಕೆಡಿಸಬೇಡಿ. ಇಳಿಯದೇ ಇದ್ದರೆ ಏನು ಮಾಡಬೇಕು ಅನ್ನುವುದಕ್ಕೆ ಇದನ್ನು ಬರೆಯುತ್ತಿದ್ದೇನೆ.

ನಾನು ಶಿವಮೊಗ್ಗದಲ್ಲಿ ಲೇಡೀಸ್ ಟೈಲರ್. ಆಗ ಶ್ರಾವಣ ಶುರುವಾಗಿತ್ತು. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಹೊಲಿಸುವವರ ಸಾಲು. ಆ ವರ್ಷದ ಮಳೆ ನಿಮಗೂ ನೆನಪಿರಬಹುದು, ತುಂಗೆ ಉಕ್ಕಿ ಊರಿನ ತಗ್ಗು ಜಾಗಗಳಿಗೆಲ್ಲ ನೀರು ನುಗ್ಗಿತ್ತು. ಒಗೆದ ಬಟ್ಟೆ ಮೂರು ದಿನವಾದರೂ ಒಣಗುತ್ತಿರಲಿಲ್ಲ. ಎಡ ಸ್ತನದ ಒಳಬದಿಯಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗ ಕೆಂಪಾಗಿ ತುರಿಸತೊಡಗಿತು. ಹಸಿ ಬಟ್ಟೆ ಹಾಕಿಕೊಂಡು ಆದದ್ದು ಅಂದುಕೊಂಡೆ. ನಮ್ಮತ್ತೆ ಉಷ್ಣ ಅಂದರು. ಲೋಳೆಸರ ಹಚ್ಚಿದೆ, ಗಂಧ ತೇಯ್ದು ಹಚ್ಚಿದೆ. ಹಚ್ಚಿದಾಗ ತಂಪು, ಆಮೇಲೆ ಮತ್ತೆ ಅದೇ ಉರಿ.

ಒಂದು ವಾರ ಕಳೆಯುವಷ್ಟರಲ್ಲಿ ನನ್ನದೇ ಬ್ಲೌಸ್ ನನಗೆ ಬಿಗಿಯಾಯಿತು. ಬರೀ ಎಡಗಡೆ. ಎರಡು ಕಡೆ ಒಂಚೂರು ಹೆಚ್ಚುಕಮ್ಮಿ ಎಲ್ಲರಿಗೂ ಇರುತ್ತದೆ, ಅದು ನಮ್ಮ ಕಸುಬಿನವರಿಗೆ ಗೊತ್ತಿರುವ ವಿಷಯ. ಆದರೆ ನನ್ನ ಅಳತೆ ನನಗೆ ಬಾಯಿಪಾಠ. ಟೇಪ್ ಹಿಡಿದು ನೋಡಿದೆ. ಹುಕ್ ಪಟ್ಟಿಯಿಂದ ಪಕ್ಕದ ಹೊಲಿಗೆಯವರೆಗೆ ಎಡಕ್ಕೆ ಒಂದೂವರೆ ಇಂಚು ಜಾಸ್ತಿ. ಒತ್ತಿ ನೋಡಿದರೆ ಗಡ್ಡೆ ಗಿಡ್ಡೆ ಏನೂ ಸಿಗಲಿಲ್ಲ. ಇಡೀ ಸ್ತನವೇ ಭಾರ, ಮುಟ್ಟಿದರೆ ಬಿಸಿ. ಆ ರಾತ್ರಿ ಬಾಲ್ ಪೆನ್ನಿನಲ್ಲಿ ಕೆಂಪಿನ ಅಂಚಿಗುಂಟ ಗೆರೆ ಎಳೆದೆ. ಚಾಕ್ ಗುರುತು ಹಾಕದೆ ಬಟ್ಟೆಗೆ ಕತ್ತರಿ ಇಡದವಳು ನಾನು, ಅದೇ ಅಭ್ಯಾಸ. ಹಬ್ಬುತ್ತಿದೆಯೋ ಇಲ್ಲವೋ ನೋಡೋಣ ಅಂತ, ಅಷ್ಟೇ. ಮಗಳ ಹತ್ತಿರ ಫೋಟೋ ತೆಗೆಸಿದೆ. ನಾಲ್ಕು ದಿನಕ್ಕೆ ಕೆಂಪು ಗೆರೆ ದಾಟಿತ್ತು. ಹೊಸ ಗೆರೆ, ಹೊಸ ಫೋಟೋ.

ಮನೆ ಹತ್ತಿರದ ಕ್ಲಿನಿಕ್‌ನಲ್ಲಿ ಐದು ದಿನದ ಆಂಟಿಬಯೋಟಿಕ್ ಕೊಟ್ಟರು. ಕಡಿಮೆಯಾಗಲಿಲ್ಲ. ಇನ್ನೊಂದು ಕಡೆ ಬೇರೆ ಆಂಟಿಬಯೋಟಿಕ್, ಏಳು ದಿನ. ಊತ ಸ್ವಲ್ಪ ಇಳಿದ ಹಾಗೆ ಅನ್ನಿಸಿತು. ಈ ‘ಸ್ವಲ್ಪ ಇಳಿದ ಹಾಗೆ’ ಅನ್ನುವುದೇ ನನಗೆ ಮೋಸ ಮಾಡಿದ್ದು, ಅದನ್ನು ನಂಬಿ ಹತ್ತು ದಿನ ಕಳೆದೆ. ಆಮೇಲೆ ಸ್ಕ್ಯಾನಿಂಗ್ ಆಯಿತು. ‘ಗಡ್ಡೆ ಇಲ್ಲ. ಚರ್ಮ ದಪ್ಪವಾಗಿದೆ. ಕಂಕುಳಲ್ಲಿ ಗಂಟು ದೊಡ್ಡದಾಗಿದೆ, ಸೋಂಕಿನಿಂದ ಇರಬಹುದು’ ಅಂತ ರಿಪೋರ್ಟ್. ಗಡ್ಡೆ ಇಲ್ಲ ಅನ್ನುವ ಮೊದಲ ಸಾಲು ಓದಿ ನಾನೂ ನಮ್ಮ ಯಜಮಾನರೂ ಬರುತ್ತಾ ದಾರಿಯಲ್ಲಿ ಮಸಾಲೆ ದೋಸೆ ತಿಂದುಕೊಂಡು ಬಂದೆವು. ಮುಂದಿನ ಎರಡು ಸಾಲಿನಲ್ಲೇ ವಿಷಯ ಇತ್ತು ಅಂತ ನಮಗೆ ಹೇಳುವವರು ಯಾರೂ ಇರಲಿಲ್ಲ.

ನನ್ನ ಕೊನೆಯ ಮಗು ಹಾಲು ಬಿಟ್ಟು 17 ವರ್ಷ ಆಗಿತ್ತು. ಹಾಲೇ ಇಲ್ಲದ ಸ್ತನದಲ್ಲಿ ಹಾಲಿನ ಬಾವು ಎಲ್ಲಿಂದ ಬಂತು? ಮೂರು ಕಡೆ ತೋರಿಸಿದರೂ ಈ ಪ್ರಶ್ನೆ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ ಬಿಡಿ.

ಅಷ್ಟು ಹೊತ್ತಿಗೆ ಚರ್ಮ ಮೋಸಂಬಿ ಸಿಪ್ಪೆ ಥರ ಆಗಿತ್ತು, ಸಣ್ಣ ಸಣ್ಣ ಗುಳಿ. ತೊಟ್ಟು ಒಳಕ್ಕೆ ಎಳೆದುಕೊಂಡಿತ್ತು. ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿ ಸರ್ಜರಿ ವಿಭಾಗದಲ್ಲಿ ಒಬ್ಬರು ಚಿಕ್ಕ ವಯಸ್ಸಿನ ಲೇಡಿ ಡಾಕ್ಟರ್ ಇದ್ದರು.

‘ಜ್ವರ ಬಂದಿತ್ತಾ ಅಮ್ಮಾ?’

‘ಇಲ್ಲ ಮೇಡಂ.’

‘ಒಂದು ದಿನವೂ ಇಲ್ವಾ?’

‘ಇಲ್ಲ.’

‘ಎಷ್ಟು ದಿನದಿಂದ ಹೀಗಿದೆ?’

ಮಗಳು ಫೋನ್ ಕೊಟ್ಟಳು. ಪೆನ್ ಗೆರೆ ಇರುವ ಐದು ಫೋಟೋ, ಒಂದೊಂದಕ್ಕೂ ತಾರೀಖು. ಅವರು ಎರಡು ಸಲ ಹಿಂದೆ ಮುಂದೆ ಮಾಡಿ ನೋಡಿದರು. ಮಾತ್ರೆ ಚೀಟಿಗಳನ್ನು ಕೇಳಿ ಇಸಿದುಕೊಂಡರು. ‘ಇನ್ನು ಮಾತ್ರೆ ಬೇಡ. ತುಂಡು ತೆಗೆದು ಟೆಸ್ಟ್‌ಗೆ ಕಳಿಸೋಣ’ ಅಂದರು. ಮೊದಲ ಕೆಂಪು ಕಂಡು ಅವತ್ತಿಗೆ 39 ದಿನ.

ಇಲ್ಲಿ ನಮ್ಮ ಕಡೆಯಿಂದಲೇ ಒಂದು ತಪ್ಪಾಯಿತು. ‘ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ’ ಅಂತ ನಮ್ಮ ಭಾವ ಹಠ ಹಿಡಿದರು. ಆ ಮಾತು ಕೇಳಿ ಆರು ದಿನ ಮನೆಯಲ್ಲೇ ಕೂತೆ. ಚುಚ್ಚಿದ್ದಕ್ಕೆ ಮೈಯೆಲ್ಲ ಹರಡುತ್ತೆ ಅನ್ನುವುದು ಸುಮ್ನೆ ಮಾತು. ಚುಚ್ಚದೆ ಕೂತ ದಿನಗಳಲ್ಲಿ ಅದು ತನ್ನಷ್ಟಕ್ಕೆ ತಾನೇ ಹಬ್ಬುತ್ತಿರುತ್ತದೆ.

ಕೊನೆಗೆ ಹೋದೆ. ಎರಡು ಕಡೆಯಿಂದ ತೆಗೆದರು. ಕಂಕುಳ ಗಂಟಿನಿಂದ ದಪ್ಪ ಸೂಜಿಯಲ್ಲಿ, ಸ್ತನದ ಚರ್ಮದಿಂದ ಪೆನ್ಸಿಲ್ ತುದಿಯಷ್ಟು ಸಣ್ಣ ತುಂಡು. ಜಾಗ ಮರಗಟ್ಟಿಸಿ ಮಾಡುತ್ತಾರೆ, ತಡೆಯಲಾರದ ನೋವೇನಲ್ಲ. ಚರ್ಮದ ತುಂಡಿನಲ್ಲಿ ಏನೂ ಸಿಗಲಿಲ್ಲ. ಗಂಟಿನಲ್ಲಿ ಸಿಕ್ಕಿತು. ಆ ಡಾಕ್ಟರ್ ಹೇಳಿದ್ದು ಇಷ್ಟು: ಚರ್ಮದ ತುಂಡಿನಲ್ಲಿ ಕಾಣಲಿಲ್ಲ ಅಂದ ಮಾತ್ರಕ್ಕೆ ಈ ಕಾಯಿಲೆ ಇಲ್ಲ ಅನ್ನುವ ಹಾಗಿಲ್ಲ. ಕ್ಯಾನ್ಸರ್ ಹೌದೋ ಅಲ್ಲವೋ ಅನ್ನುವುದನ್ನು ಬಯಾಪ್ಸಿ, ಅಂದರೆ ಹೀಗೆ ತುಂಡು ತೆಗೆದು ಮಾಡುವ ಟೆಸ್ಟ್, ಹೇಳುತ್ತದೆ. ಅದು ಈ ಜಾತಿಯದ್ದೇ ಅನ್ನುವುದನ್ನು ಕಣ್ಣಿಗೆ ಕಾಣುವ ಲಕ್ಷಣದ ಮೇಲೆ ತೀರ್ಮಾನಿಸುತ್ತಾರೆ. ಸ್ತನದ ಮೂರನೇ ಒಂದು ಭಾಗಕ್ಕಾದರೂ ಕೆಂಪು ಹರಡಿರಬೇಕು, ಎಲ್ಲ ಶುರುವಾಗಿ ಆರು ತಿಂಗಳ ಒಳಗಿರಬೇಕು. ನನ್ನದು ಎರಡು ತಿಂಗಳೂ ತುಂಬಿರಲಿಲ್ಲ. ತಾರೀಖು ಇದ್ದ ಫೋಟೋಗಳು ಎಷ್ಟು ಕೆಲಸಕ್ಕೆ ಬಂದವು ಅಂತ ಆಗ ತಿಳಿಯಿತು.

‘ಉರಿಯೂತ’ ಅನ್ನುವ ಹೆಸರೇ ದಾರಿ ತಪ್ಪಿಸುತ್ತದೆ. 1924ರಿಂದ ಆ ಹೆಸರು ಇದೆಯಂತೆ, ಮಗಳು ಓದಿ ಹೇಳಿದಳು. ಸೋಂಕು ಇರುವುದಿಲ್ಲ, ಕೀವೂ ಇರುವುದಿಲ್ಲ. ಚರ್ಮದ ಅಡಿಯಲ್ಲಿ ನೀರು ಸಾಗಿಸುವ ಕೂದಲಿನಂಥ ನಾಳಗಳಿವೆಯಲ್ಲ, ಕ್ಯಾನ್ಸರ್ ಕಣಗಳು ಅವುಗಳಲ್ಲಿ ಕಟ್ಟಿಕೊಳ್ಳುತ್ತವೆ. ಚರಂಡಿ ಕಟ್ಟಿದ ಹಾಗೆ. ನೀರು ಹಿಂದಕ್ಕೆ ನಿಂತು ಚರ್ಮ ಊದುತ್ತದೆ, ಕೆಂಪಾಗುತ್ತದೆ. ಬಟ್ಟೆಯ ಮೇಲೆ ಶಾಯಿ ಚೆಲ್ಲಿದರೆ ಉಂಡೆಯಾಗಿ ಕೂರುತ್ತದೆಯೇ? ಎಳೆಗುಂಟ ಹರಿದು ಹೋಗುತ್ತದೆ. ಇದೂ ಹಾಗೇ, ಅದಕ್ಕೇ ಎಷ್ಟೋ ಜನರಿಗೆ ಗಡ್ಡೆ ಸಿಗುವುದಿಲ್ಲ. ಸ್ತನದ ಎಕ್ಸ್‌ರೇ ಮ್ಯಾಮೋಗ್ರಾಂನಲ್ಲೂ ಕೆಲವು ಸಲ ಸ್ಪಷ್ಟವಾಗಿ ಕಾಣುವುದಿಲ್ಲ. ಅಮೆರಿಕದ ಲೆಕ್ಕದಲ್ಲಿ ನೂರು ಸ್ತನ ಕ್ಯಾನ್ಸರ್‌ಗಳಲ್ಲಿ 1ರಿಂದ 5 ಮಾತ್ರ ಈ ಥರದ್ದು. ಅಷ್ಟು ಅಪರೂಪದ್ದನ್ನು ಒಬ್ಬ ಡಾಕ್ಟರ್ ಮೊದಲ ದಿನವೇ ಹಿಡಿಯಲಿಲ್ಲ ಅಂತ ನನಗೆ ಸಿಟ್ಟಿಲ್ಲ. ಎರಡನೇ ಸಲವೂ ಮಾತ್ರೆಗೆ ಜಗ್ಗದಿದ್ದಾಗ ಮೂರನೆಯದು ಬರೆದುಕೊಟ್ಟರಲ್ಲ, ಆ ಸಿಟ್ಟು ಈಗಲೂ ಇದೆ.

ಸ್ಟೇಜ್ ಅಂತ ಕೇಳಿದರೆ ಇದು ಗೊತ್ತಾಗುವಾಗಲೇ ಕಡಿಮೆ ಅಂದರೂ ಮೂರನೆಯದು. ಚರ್ಮಕ್ಕೆ ಬಂದಿರುತ್ತದಲ್ಲ, ಅದಕ್ಕೆ. ಸುಮಾರು ಮೂವರಲ್ಲಿ ಒಬ್ಬರಿಗೆ ಆ ಹೊತ್ತಿಗೇ ಬೇರೆ ಅಂಗಕ್ಕೂ ಹೋಗಿರುತ್ತದೆ. ನನಗೆ ಸಿಟಿ ಸ್ಕ್ಯಾನ್, ಮೂಳೆ ಸ್ಕ್ಯಾನ್ ಎರಡೂ ಆದವು. ಬೇರೆಲ್ಲೂ ಇರಲಿಲ್ಲ.

ಮುಂದಿನದ್ದು ಬೇಗ ಹೇಳಿ ಮುಗಿಸುತ್ತೇನೆ, ನೀವು ಕೇಳಿದ್ದು ಅದನ್ನಲ್ಲ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋದೆ. ‘ಮೊದಲು ಆಪರೇಷನ್ ಮಾಡಿ ತೆಗೆದುಬಿಡಿ’ ಅಂತ ನಾನೇ ಅಂಗಲಾಚಿದೆ. ಈ ಜಾತಿಗೆ ಮೊದಲು ಕೀಮೋ ಅಂದರು. ಶಾಯಿ ಎಲ್ಲಿಯವರೆಗೆ ಹರಿದಿದೆ ಅಂತ ಕಾಣದಿರುವಾಗ ಕತ್ತರಿ ಎಲ್ಲಿ ಇಡುವುದು, ಅಲ್ವಾ? ಎಂಟು ಕೀಮೋ, 2020ರ ಏಪ್ರಿಲ್‌ನಲ್ಲಿ ಲಾಕ್‌ಡೌನ್ ಮಧ್ಯೆ ಆಪರೇಷನ್, ಆಮೇಲೆ 25 ದಿನ ಕರೆಂಟು, ಅಂದರೆ ರೇಡಿಯೇಷನ್. ನನ್ನದು ಹರ್2 ಪಾಸಿಟಿವ್ (ಕ್ಯಾನ್ಸರ್ ಕಣಗಳಲ್ಲಿ ಹರ್2 ಅನ್ನುವ ಪ್ರೋಟೀನ್ ಜಾಸ್ತಿ) ಅಂತ ಬಂದಿದ್ದರಿಂದ ಟ್ರಾಸ್ಟುಜುಮಾಬ್ ಅನ್ನುವ ಇಂಜೆಕ್ಷನ್ ಒಂದು ವರ್ಷ. ಬೆಂಗಳೂರಿನದೇ ಬಯೋಕಾನ್ ಕಂಪನಿ 2014ರಲ್ಲಿ ಇದನ್ನು ಕಡಿಮೆ ಬೆಲೆಗೆ ತಂದಿತ್ತು, ಇಲ್ಲದಿದ್ದರೆ ನಮ್ಮಂಥವರ ಕೈಗೆ ಎಟುಕುವ ಮಾತಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ, ಅದನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ. ಈಗ ಎಡಗೈ ಊದುತ್ತದೆ. ಊತ ತಡೆಯುವ ಬಿಗಿ ಸ್ಲೀವ್ ಹಾಕಿಕೊಂಡು ದಿನಕ್ಕೆ ಮೂರು ಬ್ಲೌಸ್ ಮಾತ್ರ ಹೊಲಿಯುತ್ತೇನೆ. ಆರು ತಿಂಗಳಿಗೊಮ್ಮೆ ಚೆಕಪ್.

ಈಗ ಅಕ್ಕನ ವಿಷಯ. ಜ್ವರ ಬಂದು, ಮೈಕೈ ನೋವಾಗಿ, ಮಾತ್ರೆ ಶುರು ಮಾಡಿದ ಎರಡು ಮೂರು ದಿನಕ್ಕೆ ಉರಿ ಇಳಿಯುತ್ತಿದ್ದರೆ ಹಾಲಿನ ಬಾವೇ ಅನ್ನಬಹುದು. ಹೆದರಿ ಹಾಲು ಕುಡಿಸುವುದನ್ನು ಏಕಾಏಕಿ ನಿಲ್ಲಿಸುವುದು ಬೇಡ, ಹಾಲು ಇನ್ನೂ ಕಟ್ಟಿಕೊಳ್ಳುತ್ತದೆ. ಅದನ್ನು ಡಾಕ್ಟರ್ ಹತ್ತಿರ ಕೇಳಿ. ಕೆಂಪಿನ ಅಂಚಿಗೆ ಪೆನ್ನಿನಲ್ಲಿ ಗೆರೆ ಎಳೆಯಲು ಹೇಳಿ. ಫೋಟೋ ಅವರ ಫೋನಿನಲ್ಲೇ ಇರಲಿ, ಮನೆಯವರ ಗ್ರೂಪ್‌ಗೆ ಹೋಗುವುದು ಬೇಡ. ಆಂಟಿಬಯೋಟಿಕ್ ಶುರು ಮಾಡಿ ಏಳರಿಂದ ಹತ್ತು ದಿನವಾಗಿ, ಕೋರ್ಸ್ ಪೂರ್ತಿ ಮುಗಿದರೂ ಕೆಂಪು ಹಾಗೇ ಇದ್ದರೆ ಎರಡನೇ ಮಾತ್ರೆ ಚೀಟಿ ತೆಗೆದುಕೊಳ್ಳುವ ಮುಂಚೆ ಬಾಯಿಬಿಟ್ಟು ಕೇಳಿ: ‘ಸ್ಕ್ಯಾನಿಂಗ್ ಬೇಕಾ? ಬಯಾಪ್ಸಿ ಬೇಕಾ? ಇನ್ಫೆಕ್ಷನ್ ಅಲ್ಲದಿದ್ದರೆ ಇನ್ನೇನು ಇರಬಹುದು?’ ಹಾಲು ಕುಡಿಸುತ್ತಿದ್ದರೂ ಇವೆಲ್ಲ ಮಾಡಿಸಬಹುದು. ಸಿಪ್ಪೆಯಂಥ ಚರ್ಮ, ಒಳಕ್ಕೆ ಹೋದ ತೊಟ್ಟು, ಕಂಕುಳಲ್ಲಿ ಗಂಟು, ಇವುಗಳಲ್ಲಿ ಯಾವುದಾದರೂ ಕಂಡರೆ ಹತ್ತು ದಿನವೂ ಕಾಯಬೇಡಿ. ಸರ್ಜನ್ ಹತ್ತಿರ ಹೋಗಿ. ರಿಪೋರ್ಟ್ ಬಂದರೆ ಕೊನೆಯ ಸಾಲಿನವರೆಗೆ ಓದಿಸಿಕೊಳ್ಳಿ.

ಅಕ್ಕ ಮಾತ್ರೆ ಶುರು ಮಾಡಿ ಇವತ್ತಿಗೆ ಎಷ್ಟು ದಿನ ಅಂತ ನೀವು ಬರೆದಿಲ್ಲ. ಮೊದಲು ಅದನ್ನು ಎಣಿಸಿ, ಆಮೇಲೆ ಕೆಳಗೆ ಬರೆಯಿರಿ. ನಾನು ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡುತ್ತೇನೆ.